ರದ್ದಿಗೆ ಹೊಂಟಿದ್ದ ಪಿಡಿಪಿ-11

ಚೌತಿಗೆ ಇನ್ನ ಎಂಟು ದಿನಾ ಇತ್ತು. ತವರುಮನ್ಯಾಗ ವೈನಿ ಅಟ್ಟಾ ಹತ್ತಿ ಗಣಪತಿ ಮಂಟಪದ ಸಾಮಾನು ತಗೀಲಿಕ್ಕೆ ಹತ್ತಿದ್ರು. ನಾ ಕೆಳಗ ನಿಚ್ಚಣಿಕಿ ಹಿಡಕೊಂಡು ನಿಂತಿದ್ದೆ. ಮ್ಯಾಲೆ ತಗಡಿನ ಟ್ರಂಕ್ ಜಗ್ಗಿದ ಸಪ್ಪಳಾತು. "ಇದರಾಗೆಲ್ಲಾ ನಿನ್ನ ಇಂಗ್ಲೀಷ್ ಪುಸ್ತಕನ ಅವ ನೋಡು. ರದ್ದಿಗೆ ಹಾಕಿಬಿಡ್ಲೇನ?"

"ತಡೀರಿ ವೈನಿ, ಹಂಗ ಕೆಳಗ ಕೊಡ್ರಿ" ಅಂದೆ.

ಟ್ರಂಕಿನ್ಯಾಗ ನನ್ನವು ಅಂತ ಮೂರು ಸಾಮಾನು ಇದ್ವು. ಹಾಳಿ ಹಳದಿ ಆಗಿ ಬೆನ್ನು ಬಿಚ್ಚಿದ ಒಂದು ಪುಸ್ತಕ, ಪಿಡಿಪಿ-11 ಪ್ರೊಸೆಸರ್ ಹ್ಯಾಂಡ್‌ಬುಕ್ ಅಂತ. ಸಾಲಾಗಿ ತೂತು ಹೊಡೆದ ಉದ್ದನ್ನ ಕಾಗದದ ಪಟ್ಟಿ. (ವೈನಿ ಅದನ್ನ ಬಿಡಿಸಿ ನೋಡಿ, "ಛಂದ ಅದ, ಮಂಟಪಕ್ಕ ಝಾಲರಿ ಕಟ್ಟಬಹುದು" ಅಂದ್ರು.) ಆಮ್ಯಾಲೆ ಒಂದು ಸಾಬೂನಿನ ಡಬ್ಬಿ, ಅದರೊಳಗ ಹತ್ತಿ ಹಾಸಿ ಇಟ್ಟಿದ್ದ ಅಂಗೈಯಗಲದ ಒಂದು ಚೌಕ. ಅದರ ಮಾತು ಮುಂದ ಬರ್ತದ.

ನಿಮಗೆಲ್ಲಾ ಗೊತ್ತಿದ್ದದ್ದ ಅದ, ಮದಿವಿಗಿಂತ ಮೊದಲು, ಮತ್ತ ಆದ ಮ್ಯಾಲೂ ಒಂದಿಷ್ಟು ದಿನಾ, ನಾ ಬೆಂಗಳೂರಾಗ ನೌಕರಿ ಮಾಡ್ತಿದ್ದೆ. "ಏನ ಕೆಲಸ ಮಾಡ್ತಾಳ ನಿಮ್ಮ ಮಗಳು?" ಅಂತ ಯಾರರೆ ಕೇಳಿದ್ರ ಅವ್ವ, "ದೊಡ್ಡದೊಂದು ಕಪಾಟಿನ ಮುಂದ ಕೂಡ್ತಾಳ" ಅಂತಿದ್ಲು. ಖರೇನ ಅದು ಕಪಾಟಿನಷ್ಟ ಇತ್ತು. ಎಲ್ಲಾರೂ ನಗ್ತಿದ್ರು, ನಾನೂ ನಕ್ಕು ಸುಮ್ಮನಾಗ್ತಿದ್ದೆ. ಅವತ್ತ ಚಹಾ ಕುಡಿಯೋವಾಗ ವೈನಿ ನೆಟ್ಟಗ ಕೇಳಿದ್ರು, "ಅಲ್ಲ, ಇಷ್ಟು ಜ್ವಾಪಾನ ಮಾಡೋವಂಥಾದ್ದು ಏನಿತ್ತು ಅದರಾಗ?" ಇಷ್ಟು ವರ್ಷದಾಗ ಯಾರೂ ಹಿಂಗ ಕೇಳಿರಲಿಲ್ಲ. ಅವರಿಗೆ ಅರ್ಧಾ ಹೇಳಿದ್ದನ್ನ ಇಲ್ಲೆ ಪೂರಾ ಬರೀಲಿಕ್ಕೆ ಹತ್ತೀನಿ.

ಈ ಯಂತ್ರದ ತವರೂರು ಅಮೆರಿಕಾದ ಮ್ಯಾಸಚೂಸೆಟ್ಸ್ ರಾಜ್ಯದ ಮೇನಾರ್ಡ್. ಅಲ್ಲೆ ಒಂದು ಹಳೇ ಉಣ್ಣಿ ಗಿರಣಿ ಇತ್ತು. 1957ರಾಗ ಕೆನ್ ಓಲ್ಸನ್ ಮತ್ತು ಹಾರ್ಲನ್ ಆಂಡರ್ಸನ್ ಅನ್ನೋ ಇಬ್ಬರು ಇಂಜಿನಿಯರು 70,000 ಡಾಲರ್ ಬಂಡವಾಳ ತಗೊಂಡು ಆ ಗಿರಣಿಯ ಒಂದಿಷ್ಟು ಜಾಗಾ ಬಾಡಗಿ ಹಿಡಿದ್ರು. ಕಂಪನಿ ಹೆಸರು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್, ಬಾಯಿಮಾತಿನ್ಯಾಗ ಡೆಕ್. ಕಂಪ್ಯೂಟರ್ ಧಂಧೆದಾಗ ಲಾಭಾ ಇಲ್ಲ ಅನ್ನೋ ಕಾಲ ಅದು. ರೊಕ್ಕಾ ಹಾಕಿದವರು "ಕಂಪ್ಯೂಟರ್ ಅನ್ನೋ ಶಬ್ದ ಮಾತ್ರ ಎತ್ತಬ್ಯಾಡ್ರಿ" ಅಂದ್ರಂತ. ಹಿಂಗಾಗಿ ತಮ್ಮ ಯಂತ್ರಕ್ಕ ಇವರು ಇಟ್ಟ ಹೆಸರು ಪ್ರೋಗ್ರಾಮ್ಡ್ ಡೇಟಾ ಪ್ರೊಸೆಸರ್, ಅಂದ್ರ ಪಿಡಿಪಿ. ನಮ್ಮ ಅಜ್ಜಿ ಅಜ್ಜನ ಹೆಸರು ಹೇಳದ "ಅವರು, ಇವರು" ಅನ್ಕೋತ ಐವತ್ತು ವರ್ಷ ಸಂಸಾರ ಮಾಡಿದಂಗ.

ಆಗಿನ ಕಾಲದ ದೊಡ್ಡ ಕಂಪ್ಯೂಟರ್ ಅಂದ್ರ ಗುಡಿಯೊಳಗಿನ ಮೂರ್ತಿ. ಗರ್ಭಗುಡಿಯೊಳಗ ಪೂಜಾರಿ ಅಷ್ಟ ಹೋಗಬೇಕು. ನೀವು ಕಾರ್ಡಿನ ಕಟ್ಟು ಕಿಟಕಿಯೊಳಗ ಕೊಟ್ಟು, ಮರುದಿನಾ ಬಂದು ಪ್ರಸಾದ ಇಸಗೊಂಡು ಹೋಗಬೇಕು. ಡೆಕ್ ಮಾಡಿದ್ದು, ಮುಂದ ಕೂತು ಮುಟ್ಟಬಹುದಾದಂಥಾ ಯಂತ್ರ. 1965ರಾಗ ಪಿಡಿಪಿ-8 ಬಂತು, 18,000 ಡಾಲರಿಗೆ. ಆವಾಗಿನ ಲೆಕ್ಕದಾಗ ಅದು ಅಗ್ಗ. ಪ್ರಯೋಗಶಾಲೆ, ಕಾರಖಾನೆ, ಎಲ್ಲಾ ಕಡೆ ಹೊಕ್ಕತು. ಮಿನಿಕಂಪ್ಯೂಟರ್ ಅನ್ನೋ ಹೆಸರು ಜನರ ಬಾಯಾಗ ಕೂತದ್ದೂ ಆಗನ.

ಆಮ್ಯಾಲೆ ಮನಿ ಒಡೀತು. ಪಿಡಿಪಿ-8ರ ವಿನ್ಯಾಸದಾಗ ಮುಖ್ಯ ಇದ್ದ ಎಡ್ಸನ್ ಡಿ ಕಾಸ್ಟ್ರೊ 1968ರಾಗ ಹೊರಗ ಬಿದ್ದು ಡೇಟಾ ಜನರಲ್ ಅಂತ ಬ್ಯಾರೆ ಕಂಪನಿ ಕಟ್ಟಿ, ಮರುವರ್ಷನ ನೋವಾ ಅನ್ನೋ 16 ಬಿಟ್ಟಿನ ಯಂತ್ರ ತಂದ. (1984ರಾಗ ಬೆಂಗಳೂರಿನ ಇನ್ಫೋಸಿಸ್‌ನವರು ತರಿಸಿದ ಅವರ ಮೊದಲನೇ ಕಂಪ್ಯೂಟರ್ ಇದೇ ಡೇಟಾ ಜನರಲ್ಲಿಂದು. ಮೇನಾರ್ಡಿನ ಅಣ್ಣತಮ್ಮರ ಜಗಳದ ಒಂದು ಎಳಿ ನಮ್ಮೂರಿಗೂ ಬಂದು ಮುಟ್ಟಿತು ಅನ್ರಿ.) ಇತ್ತ ಡೆಕ್‌ದಾಗ 16 ಬಿಟ್ಟಿನ ಯಂತ್ರ ಇನ್ನ ಇರಲಿಲ್ಲ. ಗಡಿಬಿಡ್ಯಾಗ ಹುಟ್ಟಿದ ಕೂಸು ಪಿಡಿಪಿ-11. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಾಗ ಗಾರ್ಡನ್ ಬೆಲ್ ಹತ್ರ ಕಲಿತಿದ್ದ ಹೆರಾಲ್ಡ್ ಮ್ಯಾಕ್‌ಫಾರ್ಲಂಡ್ ಅನ್ನೋ ಹುಡುಗನ ನಕ್ಷೆ ಎಲ್ಲಾರಿಗೂ ಮನಸಿಗೆ ಬಂತು. 1970ರ ಜನವರಿಯೊಳಗ ಮೊದಲನೇದು, ಪಿಡಿಪಿ-11/20, ಸುಮಾರು 11 ಸಾವಿರ ಡಾಲರಿಗೆ ಅಂತ ಸಾರಿದ್ರು. ಗಡಿಬಿಡ್ಯಾಗ ಮಾಡಿದ ಅಡಗಿ ಕೆಲವೊಮ್ಮೆ ಹಬ್ಬದ ಅಡಗಿಗಿಂತ ರುಚಿ ಆಗ್ತದಲ್ಲಾ, ಹಂಗಾತು.

ಯಾಕ ರುಚಿ ಅನ್ನೋದು ತಿಳೀಬೇಕಂದ್ರ ನಿಮ್ಮ ಒಗ್ಗರಣಿ ಡಬ್ಬಿ ಮುಂದ ಇಟ್ಕೋರಿ. ಒಲಿ ಮ್ಯಾಲೆ ಎಣ್ಣಿ ಕಾಯೋವಾಗ ಉಗ್ರಾಣಕ್ಕ ಓಡ್ಲಿಕ್ಕೆ ಆಗಂಗಿಲ್ಲ, ಕೈಗೆ ಸಿಗೋ ಹಂಗ ಒಂದಿಷ್ಟು ಬಟ್ಟಲದಾಗ ಇರಬೇಕು. ಯಂತ್ರಕ್ಕೂ ಹಂಗ. ಪಿಡಿಪಿ-11ರೊಳಗ ಅಂಥಾ ಎಂಟು ಬಟ್ಟಲ, ಹೆಸರು ರೆಜಿಸ್ಟರ್. ಸೊನ್ನಿಯಿಂದ ಏಳರ ತನಕಾ ನಂಬರ್. ಒಂದೊಂದರಾಗ 16 ಬಿಟ್, ಅಂದ್ರ ಆರಿದ್ದೋ ಹತ್ತಿದ್ದೋ ಇರೋ 16 ದೀಪ. ಏಳನೇ ಬಟ್ಟಲದ ಕೆಲಸ, ಪಾರಾಯಣ ಮಾಡೋವಾಗ ನಾವು ಸಾಲಿನ ಮ್ಯಾಲೆ ಬೆರಳು ಇಡ್ತೀವಲ್ಲಾ, ಅದು: ಈಗ ಯಾವ ಸಾಲು ಓದಬೇಕು ಅಂತ ತೋರಸೋದು. ಆರನೇದು, ಒಂದರ ಮ್ಯಾಲೊಂದು ಇಟ್ಟ ತಾಟಿನ್ಯಾಗ ಎಲ್ಲಾಕಿಂತ ಮ್ಯಾಲಿನ ತಾಟು ಯಾವುದು ಅಂತ ನೆನಪಿಡೋದು.

ಆವಾಗಿನ ಬಾಕಿ ಯಂತ್ರಗಳಾಗ ಭಾಳ ಮಡಿ ಇತ್ತು. ಕೂಡಸೋದಿದ್ರ ಈ ಬಟ್ಟಲದಾಗ ಅಷ್ಟ, ಎಣಸೋದಿದ್ರ ಆ ಬಟ್ಟಲದಾಗ ಅಷ್ಟ, ಹೊರಗಿನ ಸಾಮಾನು ಮುಟ್ಟೋದಿದ್ರ ಬ್ಯಾರೆನ ಮಂತ್ರ. ಪಿಡಿಪಿ-11ರಾಗ ಮಡಿ ಇಲ್ಲ. ಯಾವ ಬಟ್ಟಲದಾಗ ಬೇಕಾದ್ರೂ ಯಾವ ಕೆಲಸಾ ಬೇಕಾದ್ರೂ ಮಾಡ್ರಿ. ಆ ಬೆರಳು ಇಡೋ ಏಳನೇ ಬಟ್ಟಲಾ ಸುದ್ದಾ ಬಾಕಿದ್ದರಂಗನ. ಬಟ್ಟಲದಾಗಿಂದು ನೆಟ್ಟಗ ತಗೋಬಹುದು, ಇಲ್ಲಾ ಬಟ್ಟಲದಾಗ "ಸಾಮಾನು ಇಂಥಾ ಖಾನೆದಾಗ ಅದ" ಅನ್ನೋ ಚೀಟಿ ಇಟ್ಟು ಅಲ್ಲಿಂದ ತಗೋಬಹುದು, ತಗೊಂಡು ಮುಂದಿನ ಖಾನೆಗೆ ಸರೀಬಹುದು, ಒಂದು ಖಾನೆ ಹಿಂದ ಸರದು ತಗೋಬಹುದು. ಹಿಂಗ ಒಟ್ಟು ಎಂಟು ರೀತಿ. ಎಂಟು ಬಟ್ಟಲ, ಎಂಟು ರೀತಿ. ಒಂದು ಅಪ್ಪಣಿಯೊಳಗ ಏನ ಮಾಡಬೇಕು ಅನ್ನೋದಕ್ಕ 4 ಬಿಟ್, ಎಲ್ಲಿಂದ ಅನ್ನೋದಕ್ಕ 6, ಎಲ್ಲಿಗೆ ಅನ್ನೋದಕ್ಕ 6. ಕೂಡಿಸಿದ್ರ ಸರೀ 16. ಕಟ್ಟಿಗಿ ಕೊಯ್ದು ಉಳಿದ ಚೂರೂ ಕೆಳಗ ಬೀಳದಂಗ.

ನಾವು ಅದನ್ನ ಮೂರ್ಮೂರು ಬಿಟ್ ಕೂಡಿಸಿ, ಸೊನ್ನಿಯಿಂದ ಏಳರೊಳಗಿನ ಅಂಕಿಯೊಳಗ ಬರೀತಿದ್ವಿ. 010001 ಅಂದ್ರ: 01, ಒಯ್ದು ಹಾಕು, 00, ಸೊನ್ನಿ ನಂಬರಿನ ಬಟ್ಟಲದಾಗಿಂದು, 01, ಒಂದನೇ ಬಟ್ಟಲಕ್ಕ. ಒಂದು ವಾರ ಕೂತ್ರ ಕಣ್ಣಿಗೆ ಕನ್ನಡಧಂಗ ಓದ್ಲಿಕ್ಕೆ ಬರ್ತಿತ್ತು. ಯಂತ್ರದ ಮುಂದಿನ ಗುಂಡಿಗಳೂ ಮೂರ್ಮೂರರ ಗುಂಪಿಗೆ ಬ್ಯಾರೆ ಬ್ಯಾರೆ ಬಣ್ಣದವು. ಯಂತ್ರ ಎಬ್ಬಸಬೇಕಂದ್ರ ಕೈಲೆ ಗುಂಡಿ ಒತ್ತಿ 14 ಸಾಲು ಹಾಕೋದು, ಆ 14 ಸಾಲು ತೂತಿನ ಪಟ್ಟಿ ಓದ್ತಿದ್ವು, ಆ ಪಟ್ಟಿ ಮುಂದಿಂದೆಲ್ಲಾ ಓದ್ತಿತ್ತು. ಕೆಂಡದಿಂದ ಕಟ್ಟಿಗಿ, ಕಟ್ಟಿಗಿಯಿಂದ ಒಲಿ ಹೊತ್ತಿದಂಗ. ನಾ ಸೇರಿದ ಮೊದಲನೇ ವಾರ ಇದನ್ನ ಕಲಿಸಿದ್ರು. ಇವತ್ತಿಗೂ ಬೆರಳಿಗೆ ಅದರ ನೆನಪದ.

ಒಂದು ಚ್ಯಾಷ್ಟಿ ಹೇಳ್ತೀನಿ. 014747 ಅನ್ನೋ ಒಂದ ಒಂದು ಅಪ್ಪಣಿ ಅದ. ಅರ್ಥ: ಓದೋ ಬೆರಳು ಒಂದು ಸಾಲು ಹಿಂದ ಸರಿಸಿ ಅಲ್ಲಿದ್ದದ್ದು ತಗೋ, ಮತ್ತ ಒಂದು ಸಾಲು ಹಿಂದ ಸರಿಸಿ ಅಲ್ಲೆ ಬರಿ. ತಗೊಂಡದ್ದು ತನ್ನನ್ನ, ಬರೆದದ್ದೂ ತನ್ನನ್ನ, ಬೆರಳು ಈಗ ಹೊಸಾ ಸಾಲಿನ ಮ್ಯಾಲೆ. ಮತ್ತ ಅದನ್ನ ಓದ್ತದ, ಮತ್ತ ಹಿಂದ. ಹಿಂದ ಹಿಂದ ಸರಕೋತ ನೆಲಾ ಸಾರಿಸಿದಂಗ ಇಡೀ ನೆನಪಿನ ತುಂಬ ತನ್ನ ಹೆಸರ ಬರಕೋತ ಹೋಗ್ತದ. ಮಡಿ ಇದ್ದ ಯಂತ್ರದಾಗ ಈ ಆಟಾ ನಡ್ಯಂಗಿಲ್ಲ.

ಇನ್ನ ಓಣಿ ಮಾತು. ಯುನಿಬಸ್ ಅಂತ 56 ತಂತಿಯ ಒಂದ ಓಣಿ. ನೆನಪು, ಡಿಸ್ಕ್, ಪ್ರಿಂಟರ್, ಟರ್ಮಿನಲ್ ಎಲ್ಲಾರೂ ಅದೇ ಓಣ್ಯಾಗ, ಮನಿ ನಂಬರ್ ಹಚಗೊಂಡು. ಪ್ರಿಂಟರಿಗೆ ಅಕ್ಷರ ಕಳಸಬೇಕಂದ್ರ ಬ್ಯಾರೆ ಮಂತ್ರ ಬ್ಯಾಡ, ಆ ಮನಿ ನಂಬರಿಗೆ ಬರದ್ರ ಆತು. ಹೊರಗಿನವರು ತಮ್ಮ ಸಾಮಾನು ತಂದು ಅದೇ ಓಣ್ಯಾಗ ಮನಿ ಮಾಡ್ಲಿಕ್ಕೆ ಇದರಿಂದ ಸಸಾರಾತು.

ಈಗ ಸಾಬೂನಿನ ಡಬ್ಬಿ.

ಆಗಿನ ಯಂತ್ರಗಳ ನೆನಪು ಚಿಪ್ ಅಲ್ಲ, ಉಂಗುರ. ಗಸಗಸಿ ಕಾಳಿಗಿಂತ ಸಣ್ಣ ಕರೇ ಉಂಗುರ, ಕಬ್ಬಿಣದ ಸತ್ವದ್ದು. ಒಂದು ಉಂಗುರ ಒಂದು ಬಿಟ್ ಹಿಡೀತದ. ಅದರೊಳಗಿಂದ ಅಡ್ಡ ಒಂದು, ಉದ್ದ ಒಂದು, ಮತ್ತ ಓದಲಿಕ್ಕೆ ಒಂದೋ ಎರಡೋ, ಹಿಂಗ ಕೂದಲೆಳಿಯಂಥಾ ತಾಮ್ರದ ತಂತಿ ಪೋಣಸಬೇಕು. ಅಡ್ಡ-ಉದ್ದ ಎರಡೂ ತಂತಿಯೊಳಗ ಅರ್ಧರ್ಧ ಕರೆಂಟ್ ಬಿಟ್ರ, ಅವು ಕೂಡೋ ಜಾಗಾದ ಉಂಗುರ ಅಷ್ಟ ಹೊಳ್ಳತದ. ಓದಿದ್ರ ಅಳಸಿ ಹೋಗ್ತದ, ಹಿಂಗಾಗಿ ಓದಿದ ಕೂಡಲೇ ಹೊಳ್ಳಿ ಬರೀಬೇಕು. ಆದ್ರ ಕರೆಂಟ್ ಹೋದ್ರ ಮರಿಯಂಗಿಲ್ಲ! 11/20ರ ಮೊದಲನೇ ನೆನಪು 4,096 ಮಾತು, ಒಂದೊಂದರಾಗ 16 ಬಿಟ್. ಲೆಕ್ಕಾ ಮಾಡ್ರಿ: 65,536 ಉಂಗುರ.

ಇದನ್ನ ಪೋಣಿಸಿದವರು ಹೆಣ್ಣುಮಕ್ಕಳು. ಸೂಕ್ಷ್ಮದರ್ಶಕದಾಗ ಕಣ್ಣಿಟ್ಟು, ಸೂಜಿ ಹಿಡದು. ಮೊದಲು ಅಮೆರಿಕಾದಾಗ, ಮುಂದ ಕೂಲಿ ಕಡಿಮಿ ಅಂತ ಹಾಂಗ್‌ಕಾಂಗ್, ತೈವಾನಿನ ಕಡೆ ಕೆಲಸಾ ಹೋತು. ಯಂತ್ರದಿಂದ ಆಗದ ಕೆಲಸ ಕೈಲೆ ಆಗ್ತಿತ್ತು.

ನಮ್ಮ ಆಫೀಸಿನ್ಯಾಗ ಇದ್ದದ್ದು 11/40. ಅದರ ಉಂಗುರದ ನೆನಪು ತಗದು ಚಿಪ್ಪಿಂದು ಹಾಕಿದಾಗ, ಕೆಟ್ಟ ಒಂದು ಹಲಗಿಯಿಂದ ಒಂದು ಚೌಕ ನಂಗ ಸಿಕ್ಕಿತು. ದೀಪಾವಳಿಗೆ ಊರಿಗೆ ಬಂದಾಗ ಅವ್ವಗ ತೋರಿಸಿದೆ. ಅವ್ವನ ಕೈ ನಿಮಗ ಗೊತ್ತದಲ್ಲಾ, ಇಳಕಲ್ ಸೀರಿ ಮ್ಯಾಲೆ ಕಸೂತಿ ಹಾಕಿದ್ರ ಮುಂಭಾಗ ಯಾವುದು ಹಿಂಭಾಗ ಯಾವುದು ತಿಳೀತಿರಲಿಲ್ಲ. ಗವಂತಿ, ಮುರಗಿ, ನೇಗಿ, ಮೆಂತಿ ನಾಕೂ ಬರ್ತಿದ್ವು. ಬಟ್ಟಿಯ ಎಳಿ ಎಣಿಸಿ ಹಾಕೋ ಕೆಲಸ, ನಕ್ಷೆ ಮೊದಲ ಬರಕೋಳಂಗಿಲ್ಲ. ಅವ್ವ ಚೌಕಾನ ಕಿಟಕಿ ಬೆಳಕಿಗೆ ಹಿಡಿದ್ಲು. ಅಜ್ಜನ ಭೂತಗನ್ನಡಿ ತರಿಸಿದ್ಲು. ಭಾಳೊತ್ತು ಮಾತಾಡಲಿಲ್ಲ, ತುಟಿ ಅಷ್ಟ ಅಳ್ಳಾಡ್ತಿದ್ವು, ಎಣಸ್ಲಿಕ್ಕೆ ಹತ್ತಿದ್ಲು.

"ಒಂದು ಸಾಲು ಈ ಕಡೆ ವಾಲೇದ, ಒಂದು ಸಾಲು ಆ ಕಡೆ. ಗಂಟು ಎಲ್ಲೂ ಇಲ್ಲ. ಯಾರ ಹಾಕ್ಯಾರ ಇದನ್ನ?"

"ಕಾರಖಾನೆದಾಗ ಹೆಣ್ಣುಮಕ್ಕಳು ಹಾಕ್ತಾರಂತ."

"ಹೆಸರ ಬರದಿಲ್ಲೇನ ಎಲ್ಲೆರೆ?"

ನಾ ಹ್ಯಾಂಡ್‌ಬುಕ್ ತಗದು ನೋಡಿದೆ, ಇರಂಗಿಲ್ಲಂತ ಗೊತ್ತಿದ್ರೂ. ಅವ್ವ ನಕ್ಕಳು. ಆಕಿ ಹಾಕಿದ ಸೀರಿ ಅಂಗಡ್ಯಾಗ ಅಂಗಡಿಯವರ ಹೆಸರಿನ ಮ್ಯಾಲೆ ಹೋಗ್ತಿದ್ವು. ಡಬ್ಬ್ಯಾಗ ಹತ್ತಿ ಹಾಸಿದಾಕಿ ಆಕಿನ. "ಕಪಾಟಿನ ಮುಂದ ಕೂಡ್ತಾಳ" ಅನ್ನೋದನ್ನ ಅವತ್ತಿಂದ ಬಿಟ್ಲು.

ಈ ಕಪಾಟು ಮಾಡಿದ ದೊಡ್ಡ ಕೆಲಸಾನೂ ಹೇಳಬೇಕು. ನ್ಯೂಜೆರ್ಸಿಯ ಬೆಲ್ ಲ್ಯಾಬ್ಸಿನ್ಯಾಗ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅಂತ ಇಬ್ಬರಿಗೆ ಒಂದು ಹೊಸಾ ಯಂತ್ರ ಬೇಕಾಗಿತ್ತು. ಪೇಟೆಂಟ್ ವಿಭಾಗದವರ ಕಾಗದಪತ್ರ ಟೈಪ್ ಮಾಡೋ ವ್ಯವಸ್ಥಾ ಮಾಡಿಕೊಡ್ತೀವಿ ಅಂತ ನೆವಾ ಹೇಳಿ 11/20 ತರಿಸಿದ್ರು. 1970ರ ಬ್ಯಾಸಗಿ ಕೊನಿಗೆ ಯಂತ್ರ ಬಂತು, ಡಿಸ್ಕ್ ಬರಲಿಲ್ಲ. ಮೂರು ತಿಂಗಳು ಆ ಪಾಪದ ಯಂತ್ರ, 6×8 ಮನಿಯ ಚದುರಂಗದ ಹಲಗಿ ಮ್ಯಾಲೆ ಕುದುರಿ ಎಷ್ಟು ರೀತಿಯಿಂದ ಎಲ್ಲಾ ಮನಿ ಮುಟ್ಟಿ ಹೊಳ್ಳಿ ಬರಬಹುದು ಅಂತ ಎಣಸ್ಕೋತ ಕೂತಿತ್ತು. (ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಇದೇ ಕುದುರಿ ನಡೆಯ ಹುಚ್ಚಿತ್ತು. ಅವರು ನೋಡಿದ್ರ ಖುಷಿ ಪಡ್ತಿದ್ರು.) ಡಿಸ್ಕ್ ಬಂದ ಮ್ಯಾಲೆ 24 ಕೆಬಿ ನೆನಪಿನ್ಯಾಗ ಯುನಿಕ್ಸ್ ನಡೀತು. ಈಗ ನೀವು ಮೊಬೈಲಿನ್ಯಾಗ ಕಳಸೋ ಒಂದು ಮುಂಜಾನೆಯ ಹೂವಿನ ಚಿತ್ರಾನೂ ಅದರಾಗ ಹಿಡಿಯಂಗಿಲ್ಲ. 1973ರಾಗ ಆ ಯುನಿಕ್ಸನ್ನ ರಿಚಿ ಮಾಡಿದ ಸಿ ಭಾಷಾದಾಗ ಹೊಳ್ಳಿ ಬರದ್ರು. ನಿಮ್ಮ ಮಕ್ಕಳು ಕಾಲೇಜಿನ್ಯಾಗ ಉರು ಹೊಡದು ಬೈಕೋತಾರಲ್ಲಾ, ಅದೇ ಸಿ. ಅದರಾಗಿನ ಪ್ಲಸ್-ಪ್ಲಸ್ ಗುರ್ತು ಪಿಡಿಪಿ-11ರ "ಮುಂದಿನ ಖಾನೆಗೆ ಸರಿ" ಅನ್ನೋ ರೀತಿಯಿಂದ ಬಂತು ಅಂತ ಭಾಳ ಮಂದಿ ಹೇಳ್ತಾರ. ಅದು ಸುಳ್ಳು, ಯಂತ್ರ ಬರೋಕಿಂತ ಮೊದಲ ಇತ್ತು ಅಂತ ರಿಚಿನ ಹೇಳ್ಯಾರ.

ರಷ್ಯಾದವರು ಇದರ ನಕಲು ಮಾಡಿಕೊಂಡ್ರು. ಅಂಥಾ ಒಂದು ನಕಲು ಎಲೆಕ್ಟ್ರೋನಿಕಾ-60. ಮಾಸ್ಕೋದಾಗ ಅಲೆಕ್ಸಿ ಪಾಜಿತ್ನೋವ್ 1980ರ ದಶಕದ ನಡುವ ಅದರ ಮ್ಯಾಲೆ ಟೆಟ್ರಿಸ್ ಆಟ ಬರದ. ಚಿತ್ರ ತೋರಸೋ ಶಕ್ತಿ ಯಂತ್ರಕ್ಕ ಇರಲಿಲ್ಲ, ಕಂಸದ ಗುರ್ತು ಜೋಡಿಸಿ ಇಟ್ಟಂಗಿ ಮಾಡಿದ. ಜಾತ್ರ್ಯಾಗ ನಮ್ಮ ಹುಡುಗರು ಹಟಾ ಮಾಡಿ ಕೊಡಿಸಿಕೋತಿದ್ದ ಇಟ್ಟಂಗಿ ಬೀಳೋ ಆಟದ ಡಬ್ಬಿ ನೆನಪದ ಏನು? ಅದರ ಮೂಲ ಇಲ್ಲೆ.

ಇಷ್ಟು ಛಂದ ಮನ್ಯಾಗ ಒಂದ ಒಂದು ಕೊರತಿ. ಮನಿ ನಂಬರಿಗೆ 16 ಬಿಟ್ ಅಷ್ಟ ಇಟ್ಟಿದ್ರು. 16 ಬಿಟ್ಟಿನ್ಯಾಗ 65,536 ನಂಬರ್ ಅಷ್ಟ ಬರ್ತಾವ, 64 ಕೆಬಿ. ಅದರಾಗೂ ಕೊನೀ 8 ಕೆಬಿ ಡಿಸ್ಕ್-ಪ್ರಿಂಟರಿನ ಮನಿಗಳಿಗೆ ಮೀಸಲು. ಉಂಗುರ ತುಟ್ಟಿ ಇದ್ದಾಗ 64 ಅಂದ್ರ ಅರಮನಿ. ನೆನಪು ಅಗ್ಗ ಆತು, ಸಂಸಾರ ಬೆಳೀತು. ನಮ್ಮ 11/40ರಂಥಾದ್ದಕ್ಕ ಒಂದು ಜೋಡಣಿ ಹಾಕಿ 256 ಕೆಬಿ ಮಾಡಿದ್ರು, 1975ರ 11/70ಕ್ಕ 4 ಎಂಬಿ. ಆದ್ರ ಉಗ್ರಾಣ ಎಷ್ಟ ದೊಡ್ಡದಾದ್ರೂ ಕೈಗೆ ಎಟಕೋ ಕಟ್ಟಿ ಅಷ್ಟ ಇತ್ತು. ನಮ್ಮ 11/40ರಾಗ ಎಂಟು ಕಿಟಕಿ, ಒಂದೊಂದು 8 ಕೆಬಿ, ಆ ಕಿಟಕಿಯೊಳಗಿಂದ ಕಾಣೋದಷ್ಟ ಒಂದು ಪ್ರೋಗ್ರಾಮಿಗೆ ಒಮ್ಮೆಲೆ ಸಿಗ್ತಿತ್ತು.

ನನ್ನ ಕೆಲಸ ಸಂಬಳದ ಲೆಕ್ಕದ ಪ್ರೋಗ್ರಾಮ್. ಪ್ರತೀ ವರ್ಷ ಹೊಸಾ ಭತ್ಯಾ, ಹೊಸಾ ಕಡಿತ. ಒಂದಿನಾ ಅದು ಹಿಡೀಲಿಲ್ಲ. ಹಿಡೀಲಿಲ್ಲಂದ್ರ ಓವರ್‌ಲೇ ಮಾಡಬೇಕು, ಅಂದ್ರ ಪ್ರೋಗ್ರಾಮನ್ನ ತುಂಡು ಮಾಡಿ, ಒಂದ ಜಾಗಾದಾಗ ಒಮ್ಮೆ ಈ ತುಂಡು ಒಮ್ಮೆ ಆ ತುಂಡು ಡಿಸ್ಕಿನಿಂದ ತಂದು ಕೂಡಸೋದು. ಸಣ್ಣ ಕಟ್ಟಿ ಮ್ಯಾಲೆ ಹೂರಣ ರುಬ್ಬಿ, ರುಬ್ಬೋ ಕಲ್ಲು ಸರಿಸಿ, ಅದೇ ಜಾಗಾದಾಗ ಹೋಳಗಿ ಲಟ್ಟಿಸಿದಂಗ. ಒಂದ ನೇಮ: ಒಂದಕ್ಕೊಂದು ಬೇಕಾಗೋ ಎರಡು ತುಂಡನ್ನ ಒಂದ ಜಾಗಾದಾಗ ಕೂಡಸಬಾರದು. ಕರೆದ ತುಂಡು ಬಂದು, ಕರೆದವರನ್ನ ಅಳಿಸಿ ಕೂಡ್ತದ.

ಆಗ ನಾ ಏಳು ತಿಂಗಳ ಬಸರಿ. ನಾಕು ತಿಂಗಳಿಂದ ತುಂಡು ಮಾಡಕೋತ ಬಂದಿದ್ದೆ, ಕಾಗದದ ಮ್ಯಾಲೆ ಗಿಡದಂಗ ಟೊಂಗಿ ಬರದು. ಒಂದು ಟೊಂಗಿ ತಪ್ಪಿದೆ. ತಿಂಗಳ ಕೊನೀ ರಾತ್ರಿ, ಪಗಾರ ಚೀಟಿ ಛಾಪಾ ಆಗೋವಾಗ ಮುನ್ನೂರು ಚಿಲ್ಲರ ಚೀಟಿ ಆದ ಮ್ಯಾಲೆ ಯಂತ್ರ ನಿಂತ್ಬಿಡ್ತು. ತಪ್ಪು ನಂದ. ಯಾರೂ ಬೈಲಿಲ್ಲ. ಬೈದಿದ್ರ ಚೊಲೋ ಇತ್ತು ಅನಸ್ತದ. "ಪಾಪ, ಇಂಥಾ ದಿನದಾಗ ಆಕಿ ಕಡೆ ಇದನ್ನ ಕೊಡಬಾರದಾಗಿತ್ತು" ಅಂದ್ರು. ಆ ಮಾತು ಬೈಗುಳಕ್ಕಿಂತ ಆಳ ಇಳೀತು. ಮರುದಿನ ಮಧ್ಯಾಹ್ನದೊಳಗ ಸರೀ ಮಾಡಿ ಚೀಟಿ ಎಲ್ಲಾ ಹೊರಗ ತಗದೆ, ಆಮ್ಯಾಲೆ ಹಡೀಲಿಕ್ಕೆ ಅಂತ ಊರಿಗೆ ಬಂದೆ, ಆ ಕಡೆ ಹೊಳ್ಳಿ ಹೋಗಲಿಲ್ಲ. ಇವರ ವರ್ಗಾ ಆತು ಅಂತ ಎಲ್ಲಾರಿಗೂ ಹೇಳೀನಿ, ಅದೂ ಖರೆ. ಅಷ್ಟ ಖರೆ ಅಲ್ಲ.

ಎಷ್ಟೋ ವರ್ಷದ ಮ್ಯಾಲೆ ಒಂದು ಲೇಖನ ಓದಿದೆ. 1976ರಾಗನ ಗಾರ್ಡನ್ ಬೆಲ್ ಮತ್ತು ಬಿಲ್ ಸ್ಟ್ರೆಕರ್ ಬರದದ್ದು, ಪಿಡಿಪಿ-11ರಿಂದ ನಾವು ಏನ ಕಲಿತಿವಿ ಅಂತ. ಕಂಪ್ಯೂಟರ್ ಕಟ್ಟೋದರಾಗ ತಿದ್ದಲಿಕ್ಕೆ ಕಠಿಣ ಆದ ತಪ್ಪು ಒಂದ: ವಿಳಾಸಕ್ಕ ಸಾಕಷ್ಟು ಬಿಟ್ ಇಡದ ಇರೋದು, ಪಿಡಿಪಿ-11ರಾಗ ನಾವೂ ಅದನ್ನ ಮಾಡಿದ್ವಿ, ಅನ್ನೋದು ಅದರ ತಾತ್ಪರ್ಯ. ಮನಿ ಕಟ್ಟಿಸಿದವರ, ಕಟ್ಟಿ ಸಣ್ಣದಾತು ಅಂತ ಒಪ್ಪಿಕೊಂಡಿದ್ರು, ನಾ ಆ ಯಂತ್ರದ ಮುಂದ ಕೂಡೋಕಿಂತ ಏಳೆಂಟು ವರ್ಷ ಮೊದಲು. ಅದನ್ನ ಓದಿ ಅಡಗಿಮನ್ಯಾಗ ಒಬ್ಬಾಕಿನ ಕೂತು ಅತ್ತೆ. ನನ್ನ ತಪ್ಪು ಅದರಿಂದ ಅಳಿಯಂಗಿಲ್ಲ, ಟೊಂಗಿ ತಪ್ಪಿದಾಕಿ ನಾನ. ಆದ್ರೂ.

1977ರ ಅಕ್ಟೋಬರಿನ್ಯಾಗ ಡೆಕ್ 32 ಬಿಟ್ಟಿನ ವ್ಯಾಕ್ಸ್ ತಂತು. ಹೆಸರಿನ್ಯಾಗನ "ವಿಳಾಸ ಹಿಗ್ಗಿಸಿದ್ದು" ಅನ್ನೋ ಅರ್ಥ ಅದ. ಮೊದಲನೇ ವ್ಯಾಕ್ಸ್‌ಗಳು ಪಿಡಿಪಿ-11ರ ಅಪ್ಪಣಿಗಳನ್ನೂ ತಿಳಕೋತಿದ್ವು, ಅತ್ತಿಮನಿಗೆ ಬಂದ ಮ್ಯಾಲೂ ತವರಿನ ಮಾತು ಮರೀದಂಗ. ಅದೇ ವರ್ಷ ಓಲ್ಸನ್, ಮನ್ಯಾಗ ಕಂಪ್ಯೂಟರ್ ಯಾರಿಗೂ ಬೇಕಾಗಂಗಿಲ್ಲ ಅನ್ನೋ ಅರ್ಥದಾಗ ಮಾತಾಡಿ ಇವತ್ತಿನ ತನಕಾ ನಗಿಗೆ ಗುರಿ ಆಗ್ಯಾರ. ನಾ ಅಂದದ್ದು ಮನಿ ಕಾರಭಾರಾನ ನಡಸೋ ಕಂಪ್ಯೂಟರಿನ ಮಾತು ಅಂತ ಆಮ್ಯಾಲೆ ಹೇಳಿದ್ರು. ಐಬಿಎಂ ಬಿಟ್ರ ಇದೇ ದೊಡ್ಡದು ಅನ್ನೋ ಮಟ ಬೆಳದ ಡೆಕ್ 1998ರಾಗ ಕಾಂಪ್ಯಾಕ್ ಕಂಪನಿಗೆ ಮಾರಿ ಹೋತು. ಪಿಡಿಪಿ-11 ಎಲ್ಲಾ ನಮೂನಿ ಕೂಡಿ ಸುಮಾರು 6 ಲಕ್ಷ ಮಾರಿದ್ರಂತ. ಕೆನಡಾದ ಅಣು ವಿದ್ಯುತ್ ಸ್ಥಾವರದಾಗ ಇಂಧನ ಹಾಕೋ ಯಂತ್ರಮಾನವರನ್ನ ನಡಸ್ಲಿಕ್ಕೆ ಇದು ಇನ್ನೂ ಬೇಕು, 2050ರ ತನಕಾ ಬೇಕಾಗ್ತದ ಅಂತ 2013ರಾಗ ಪಿಡಿಪಿ-11 ಬಲ್ಲವರನ್ನ ಹುಡುಕಿದ ಸುದ್ದಿ ಬಂದಿತ್ತು. ವೈನಿ ಅದನ್ನ ಕೇಳಿ "ಅರ್ಜಿ ಹಾಕಬೇಕಾಗಿತ್ತಲ್ಲ!" ಅಂದ್ರು.

ಪುಸ್ತಕ ನಾ ತಂದೀನಿ. ಸಾಬೂನಿನ ಡಬ್ಬಿ ಅವ್ವನ ಕಸೂತಿ ಪೆಟಗಿಯೊಳಗ, ಆಕಿಯ ಸೂಜಿಗಳ ಬಾಜೂಕ ಇಟ್ಟು ಬಂದೆ. ಕಾಗದದ ಪಟ್ಟಿ ಮಂಟಪಕ್ಕ ಹೋತು, "ಕತ್ತರಿ ಹಾಕಬ್ಯಾಡ್ರಿ ವೈನಿ, ಮಡಚಿ ಕಟ್ರಿ" ಅಂತ ಹೇಳಿ. ಅದು ಆ 14 ಸಾಲು ಓದೋ ಪಟ್ಟಿ, ಯಂತ್ರ ಎಬ್ಬಸೋದು. ಐದೂ ದಿನ ಗಣಪತಿ ತಲಿ ಮ್ಯಾಲೆ ಫ್ಯಾನಿನ ಗಾಳಿಗೆ ಅಳ್ಳಾಡ್ಕೋತ ಇತ್ತು, ತೂತಿನೊಳಗಿಂದ ಸಮಯೀ ಬೆಳಕು ಹಿಂದಿನ ಗ್ವಾಡಿ ಮ್ಯಾಲೆ ಚುಕ್ಕಿ ಚುಕ್ಕಿ ಬೀಳ್ತಿತ್ತು.